ಮಿಡಿಗೇಶಿ ಹೋಬಳಿ: ನಲ್ಲಿ ನೀರಿನೊಡನೆ ಬಚ್ಚಲು ನೀರಿಗೂ ಯೋಜನೆ ಅಗತ್ಯ

ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹೋಬಳಿಯು ಮಳೆ ಕಡಿಮೆ ಬೀಳುವ ಒಣಪ್ರದೇಶ. ಇಲ್ಲಿ ಕುಡಿಯುವ ನೀರಿಗೂ ಬೆಳೆಗೂ ಕೊಳವೆಬಾವಿಯೇ ಮುಖ್ಯ ಆಸರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಗ್ರಾಮೀಣ ಮನೆಗಳಿಗೆ ತಲಾ ದಿನಕ್ಕೆ 55 ಲೀಟರ್ ನೀರು ನೀಡುವ ಗುರಿ ಹೊಂದಿದೆ. 2025ರ ಕೇಂದ್ರ ಬಜೆಟ್‌ನಲ್ಲಿ ಇದರ ಅವಧಿಯನ್ನು 2028ರವರೆಗೆ ವಿಸ್ತರಿಸಲಾಯಿತು. ಆದರೆ ಮನೆಯೊಳಗೆ ಬಂದ ನೀರು ಹೊರಹೋಗುವ ದಾರಿಯ ಬಗ್ಗೆ ಅಷ್ಟೇ ಗಮನ ಹರಿದಿಲ್ಲ.

ಐದು ಜನರ ಕುಟುಂಬಕ್ಕೆ ದಿನಕ್ಕೆ 275 ಲೀಟರ್ ನೀರು ದೊರೆತರೆ, ಸುಮಾರು 200 ಲೀಟರ್ ಬಚ್ಚಲಿನಿಂದ ಹೊರಬರುತ್ತದೆ. 300 ಮನೆಗಳ ಊರಿನಲ್ಲಿ ಇದು 60,000 ಲೀಟರ್, ಅಂದರೆ 5,000 ಲೀಟರಿನ 12 ಟ್ಯಾಂಕರುಗಳಷ್ಟು. ಅದು ಚರಂಡಿಯಲ್ಲಿ ನಿಂತರೆ ಸೊಳ್ಳೆಗೆ ನೆಲೆ. ಕೆರೆಗೆ ಹರಿದರೆ ದನಕರುಗಳಿಗೆ ಅಪಾಯ.

ಎಲ್ಲ ತ್ಯಾಜ್ಯ ನೀರನ್ನೂ ಒಂದೇ ಚರಂಡಿಗೆ ಸೇರಿಸುವುದು ಸರಿಯಲ್ಲ. ಸ್ನಾನ ಹಾಗೂ ಅಡುಗೆಮನೆಯ ನೀರನ್ನು ಸಣ್ಣ ಹೂಳುತೊಟ್ಟಿಯ ಮೂಲಕ ಬಚ್ಚಲುಗುಂಡಿಗೆ ಇಂಗಿಸಬೇಕು, ಇಲ್ಲವೇ ಹಿತ್ತಲಿನ ಬಾಳೆ, ನುಗ್ಗೆ ಗಿಡಗಳಿಗೆ ಹರಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಈ ನೀರು ಸಲ್ಲದು. ಶೌಚಾಲಯಕ್ಕೆ ಜೋಡಿಗುಂಡಿ ಉತ್ತಮ: ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದನ್ನು ಬಳಸಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಬಿಟ್ಟರೆ ಅದರಲ್ಲಿರುವುದು ಗೊಬ್ಬರವಾಗುತ್ತದೆ. ಬಂಡೆಯ ಬಿರುಕುಗಳ ಮೂಲಕ ಕೊಳೆ ಬೇಗ ಹರಡುವುದರಿಂದ, ಯಾವ ಗುಂಡಿಯೂ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 15 ಮೀಟರ್ ದೂರದಲ್ಲಿರಲಿ. ಸಾಧ್ಯವಿದ್ದಲ್ಲಿ ಇನ್ನೂ ದೂರ.

ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಬಿಡುವ ನೀರಿನ ವಿಷಯ ಬೇರೆ. ಅಂತರ್ಜಲದಲ್ಲಿ ಫ್ಲೋರೈಡ್ ಇದ್ದಲ್ಲಿ, ಅದು ಈ ನೀರಿನಲ್ಲಿ ಮತ್ತಷ್ಟು ಸಾಂದ್ರವಾಗಿರುತ್ತದೆ. ಇದನ್ನು ಕೊಳವೆಬಾವಿಯ ಮರುಪೂರಣ ಗುಂಡಿಗೆ ಬಿಟ್ಟರೆ, ತೆಗೆದ ದೋಷವನ್ನೇ ಮರಳಿ ನೆಲಕ್ಕೆ ತುಂಬಿದಂತೆ. ಶೌಚಾಲಯ ತೊಳೆಯಲು ಇದನ್ನು ಬಳಸಬಹುದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ತಿಳಿಸಬೇಕು; ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ.

ಹಸಿ ಕಸ ತಿಪ್ಪೆಗೆ, ಪ್ಲಾಸ್ಟಿಕ್ ಪಂಚಾಯಿತಿಯ ಕಸದ ವಾಹನಕ್ಕೆ ಸೇರಿದರೆ ಚರಂಡಿ ಕಟ್ಟುವುದೂ ತಪ್ಪುತ್ತದೆ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದ ಶೇ. 60ರಷ್ಟನ್ನು ನೀರು ಹಾಗೂ ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಮುಂದೆ ಬರುವ ಅನುದಾನದಲ್ಲಿಯೂ ಪ್ರತಿ ಹೊಸ ನಲ್ಲಿಯೊಡನೆ ಒಂದು ಬಚ್ಚಲುಗುಂಡಿಯನ್ನು ಸೇರಿಸುವಂತೆ ರೈತರು ಗ್ರಾಮಸಭೆಯಲ್ಲಿ ಒತ್ತಾಯಿಸುವುದು ಸೂಕ್ತ.