ಕಲ್ಲಿನ ಭಯಕ್ಕೆ ಹೋದ ಕಾಳು

ಕಳೆದ ತಿಂಗಳು ಒಂದು ಮದುವೆಯ ಪಂಕ್ತಿಯಲ್ಲಿ, ವರಸೆಯಲ್ಲಿ ದೊಡ್ಡಪ್ಪನಾಗಬೇಕಾದವರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ನನ್ನ ಅಕ್ಕನ ಮಗಳಿಗೆ ಬುದ್ಧಿ ಹೇಳಿದರು: "ಕಾನ್ಫಿಡೆನ್ಸ್ ಇರಬೇಕಮ್ಮ, ಆಮೇಲೆ ಎಲ್ಲಾ ತಾನಾಗಿ ಆಗತ್ತೆ." ಬೆಂಗಳೂರಿನ ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಐದು ಸುತ್ತಿನ ಇಂಟರ್‌ವ್ಯೂ ಮುಗಿಸಿ, ನಾಲ್ಕು ಸಾಲಿನ ಇ-ಮೇಲ್‌ನಲ್ಲಿ ಬೇಡವೆನಿಸಿಕೊಂಡಿದ್ದ ಹುಡುಗಿ ಅವಳು. ಎಲೆಯ ಮೇಲಿನ ಕೋಸಂಬರಿಯನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಾ "ಹೂಂ ದೊಡ್ಡಪ್ಪ" ಎಂದಳು.

ಕೇಳಲು ಸಮಾಧಾನದಂತಿರುವ ಆ ಮಾತಿನೊಳಗೆ ತಪ್ಪು ನಿನ್ನದೇ ಎಂಬ ಆರೋಪವಿದೆ. ಕೆಲಸ ಹುಡುಕುವವರಿಗೆ ಧೈರ್ಯ ಬರುವುದು ಕಂಪನಿಗಳ ಮೊರ ಹೇಗೆ ಕೇರುತ್ತದೆಂದು ತಿಳಿದಾಗ. ಅಯೋಗ್ಯನೊಬ್ಬ ಒಳಗೆ ಬಂದರೆ ಕಂಪನಿಗೆ ವರ್ಷಗಟ್ಟಲೆ ತಲೆನೋವು. ಯೋಗ್ಯಳೊಬ್ಬಳು ಹೊರಗುಳಿದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹತ್ತು ಕಾಳು ಹಾರಿಹೋದರೂ ಸರಿ, ಒಂದು ಕಲ್ಲು ಉಳಿಯಬಾರದು ಎಂಬಂತೆ ಕೇರುತ್ತಾರೆ.

ಕೇರುವವರ ಕೈಯೂ ತಪ್ಪುತ್ತದೆ. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತವೆ ಎಂಬಂಥ ಇಂಟರ್‌ವ್ಯೂ ಒಗಟುಗಳು ಬರೀ ಕಾಲಹರಣವೆಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಆಗಿನ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ತಾವೇ ಒಪ್ಪಿಕೊಂಡರು. ಅಮೆರಿಕದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗವಂತೂ ನನ್ನ ತಲೆಯಿಂದ ಹೋಗುತ್ತಿಲ್ಲ. 48 ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಲೆಕ್ಕ. ಕೆಲವರು ಕೋಣೆಯಲ್ಲಿ ಒಬ್ಬರೇ ಬೋರ್ಡಿನ ಮೇಲೆ ಬಿಡಿಸಿದರು. ಉಳಿದವರು ಪರೀಕ್ಷಕರೆದುರು ಬರೆಯುತ್ತಾ, ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಯಾರೋ ನೋಡುತ್ತಿದ್ದಾರೆ ಎಂಬುದಷ್ಟಕ್ಕೇ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಒಬ್ಬರೇ ಬಿಡಿಸಿದ ಹೆಣ್ಣುಮಕ್ಕಳೆಲ್ಲ ಪಾಸು, ಪರೀಕ್ಷಕರ ಮುಂದೆ ನಿಂತ ಹೆಣ್ಣುಮಕ್ಕಳೆಲ್ಲ ಫೇಲು! ಅವರ ಸಂಖ್ಯೆ ಚಿಕ್ಕದು, ಒಪ್ಪೋಣ. ಆದರೂ ಅಲ್ಲಿ ಅಳೆದದ್ದು ಬುದ್ಧಿಯನ್ನೋ ಅಂಜಿಕೆಯನ್ನೋ?

ಕಂಪನಿಗಳ ಪರವಾಗಿಯೂ ಒಂದು ತೂಕದ ಮಾತಿದೆ. ರಾಶಿ ಬೀಳುವ ಅರ್ಜಿಗಳ ನಡುವೆ ಅವರಾದರೂ ಏನು ಮಾಡಬೇಕು? ಬೋರ್ಡಿನ ಮುಂದಿನ ಲೆಕ್ಕ ನಿಮ್ಮ ಅಪ್ಪ ಯಾರು, ಊರು ಯಾವುದು ಎಂದು ಕೇಳುವುದಿಲ್ಲ. ಶಿಫಾರಸು ಪತ್ರ ಹಿಡಿದು ಮೊಗಸಾಲೆಗಳಲ್ಲಿ ಕಾದು ಕೂತ ತಲೆಮಾರಿನವನು ನಾನು. ಅಪ್ಪನನ್ನೂ ಊರನ್ನೂ ಕೇಳದ ಪರೀಕ್ಷೆಯ ಬೆಲೆ ನನಗೆ ಗೊತ್ತು. ಹಾಗೆಂದು ಆ ಇ-ಮೇಲನ್ನು ಹಣೆಬರಹವೆಂದು ಓದಬೇಕಿಲ್ಲ.

ಫೇಸ್‌ಬುಕ್ 2009ರಲ್ಲಿ ಬೇಡವೆಂದ ಬ್ರಯಾನ್ ಆಕ್ಟನ್ ಮುಂದೆ ವಾಟ್ಸಾಪ್ ಕಟ್ಟಿ ಅದೇ ಫೇಸ್‌ಬುಕ್‌ಗೆ ಮಾರಿದ ಕಥೆಯನ್ನು ನಾನು ಅಕ್ಕನ ಮಗಳಿಗೆ ಹೇಳಲಿಲ್ಲ. ಅವಳಿಗೆ ಬೇಕಿರುವುದು ಒಂದು ನೌಕರಿ, ಸಾಮ್ರಾಜ್ಯವಲ್ಲ.

ಮುಂದಿನ ಇಂಟರ್‌ವ್ಯೂ ಬರುವ ಗುರುವಾರ. ಈಗ ರಾತ್ರಿ ಊಟವಾದ ಮೇಲೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವಳು ಬೋರ್ಡಿನ ಮೇಲೆ ಬರೆಯುತ್ತಾ ಜೋರಾಗಿ ವಿವರಿಸುತ್ತಾಳೆ. ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. "ಪರವಾಗಿಲ್ಲ ಮಾವ, ನೀವು ಸುಮ್ಮನೆ ನನ್ನನ್ನೇ ನೋಡ್ತಿರಿ ಸಾಕು" ಎನ್ನುತ್ತಾಳೆ.