ಚಿತ್ರ ತಿದ್ದುವ ವಿದ್ಯೆಗೊಂದು ಕ್ರಮ ಬೇಕು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ದಕ್ಷಿಣಕ್ಕೆ, ಎಲ್ ಟೋರೋ ಬೆಟ್ಟದ ತಪ್ಪಲಲ್ಲಿರುವ ಮಾರ್ಗನ್ ಹಿಲ್ ಊರಿಗೆ, ಕಂಪ್ಯೂಟರಿನ ಮೇಲೆ ಚಿತ್ರ ತಿದ್ದುವ ಕಲೆಯನ್ನು ಲೋಕಕ್ಕೆಲ್ಲ ಹಬ್ಬಿಸಿದ ಅಡೋಬಿ ಸಂಸ್ಥೆಯ ಕೇಂದ್ರ ಕಚೇರಿ ದೂರವಲ್ಲ. ಥಾಮಸ್ ಮತ್ತು ಜಾನ್ ನೋಲ್ ಸೋದರರು ರಚಿಸಿದ ಫೋಟೋಶಾಪನ್ನು ಆ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದಿತು. ಇಂತಹ ನೆರೆಯಲ್ಲಿ ಬೆಳೆಯುವ ಮಕ್ಕಳಿಗೆ ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಸಬೇಕೇ ಎಂಬುದು ಈಗ ಪ್ರಶ್ನೆಯಲ್ಲ; ಯಾವ ಕ್ರಮದಲ್ಲಿ ಕಲಿಸಬೇಕೆಂಬುದೇ ವಿಚಾರಾರ್ಹವಾದುದು.

ಚಿತ್ರವನ್ನು ಬದಲಿಸಲು ಕಲಿಸುವುದೆಂದರೆ ವಂಚನೆಯನ್ನು ಕಲಿಸಿದಂತೆಯೇ ಎಂದು ಶಂಕಿಸುವ ಹಿರಿಯರುಂಟು. ಆದರೆ ನಮ್ಮ ಹಳೆಯ ಸ್ಟುಡಿಯೋಗಳಲ್ಲಿಯೂ ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ಟಚಿಂಗ್ ಮಾಡಿ ಮುಖದ ಕಲೆಗಳನ್ನು ಮರೆಸುತ್ತಿದ್ದರು. ಅಲ್ಲಿ ತಿದ್ದುಪಡಿಯೂ ಮೂಲವೂ ಒಂದೇ ಫಲಕದಲ್ಲಿ ಬೆರೆತುಹೋಗುತ್ತಿದ್ದುವು. 1994ರಲ್ಲಿ ಫೋಟೋಶಾಪಿಗೆ ಲೇಯರುಗಳು ಬಂದ ಮೇಲೆ, ಮೂಲಚಿತ್ರವನ್ನು ಮುಟ್ಟದೆಯೇ ಅದರ ಮೇಲಣ ಪದರದಲ್ಲಿ ತಿದ್ದುವುದು ಸಾಧ್ಯವಾಯಿತು. ಆದಕಾರಣ, ವಿದ್ಯಾರ್ಥಿಯು ಉಪಕರಣಗಳಿಗಿಂತ ಮೊದಲು ಲೇಯರನ್ನು ಕಲಿಯತಕ್ಕದ್ದು.

ಎಲ್ ಟೋರೋ ಬೆಟ್ಟದ ಚಿತ್ರಕ್ಕೆ ವಿದ್ಯುತ್ ತಂತಿಯೊಂದು ಅಡ್ಡ ಬಂದಿದೆಯೆನ್ನೋಣ. ಬರಿದಾದ ಹೊಸ ಲೇಯರನ್ನು ತೆರೆದು, ಕ್ಲೋನ್ ಸ್ಟ್ಯಾಂಪಿನಿಂದ ಪಕ್ಕದ ಆಕಾಶವನ್ನು ಎತ್ತಿ ತಂತಿಯ ಮೇಲೆ ಬಳಿಯುತ್ತ ಹೋದಾಗ, ಕೈ ಪಳಗಿರದ ಹುಡುಗನ ಚಿತ್ರದಲ್ಲಿ ಒಂದೇ ಮೋಡದ ತುಣುಕು ಎರಡೆಡೆ ಕಾಣಿಸಿಕೊಳ್ಳುತ್ತದೆ. ಲೇಯರಿನ ಕಣ್ಣಿನ ಗುರುತನ್ನು ಒತ್ತಿದರೆ ತಂತಿ ಮತ್ತೆ ಹಾಜರು. ತನ್ನ ಕೆಲಸದಲ್ಲಿ ಈ ಪುನರುಕ್ತಿಯನ್ನು ಕಂಡವನು ಪರರ ಚಿತ್ರದಲ್ಲಿ ಅದನ್ನು ಗುರುತಿಸದೆ ಇರನು. ಮಾಧ್ಯಮವಿವೇಚನೆಯನ್ನು ಪಠ್ಯಕ್ರಮದಲ್ಲಿ ಸೇರಿಸುವುದನ್ನು ಪರಿಶೀಲಿಸಬೇಕೆಂದು ಕ್ಯಾಲಿಫೋರ್ನಿಯಾ 2023ರಲ್ಲಿ ಮಾಡಿದ ಶಾಸನದ ಆಶಯಕ್ಕೆ, ಉಪದೇಶದ ಪಾಠಗಳಿಗಿಂತ ಈ ಅಭ್ಯಾಸವೇ ಹೆಚ್ಚು ಒದಗಿಬರುವುದು.

ತಂತಿಯನ್ನು ಅಳಿಸುವುದು ಜಾಹೀರಾತಿಗೆ ದೋಷವಲ್ಲ, ಸುದ್ದಿಚಿತ್ರಕ್ಕೆ ಅಪಚಾರ, ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಬೆಂಗಳೂರಿನಲ್ಲಿ ಬೆಳೆಸಿದ ವನ್ಯಜೀವಿ ಛಾಯಾಗ್ರಹಣದಲ್ಲಂತೂ, ಇದ್ದುದನ್ನು ತೆಗೆಯುವುದೂ ಇಲ್ಲದುದನ್ನು ಸೇರಿಸುವುದೂ ಸ್ಪರ್ಧೆಗಳ ನಿಯಮಕ್ಕೆ ವಿರುದ್ಧ. ಕ್ರಿಯೆ ಒಂದೇ ಆದರೂ ಪ್ರಯೋಜನಕ್ಕೆ ತಕ್ಕಂತೆ ಔಚಿತ್ಯ ಬೇರೆಯಾಗುವುದನ್ನು ತರಗತಿಯಲ್ಲೇ ಚರ್ಚಿಸಬೇಕು.

ಈಗಿನ ಮೊಬೈಲು ಕ್ಷಣಾರ್ಧದಲ್ಲಿ ತಂತಿಯನ್ನು ಮಾಯಮಾಡುವಾಗ ಈ ಶ್ರಮವೇಕೆಂದು ಕೇಳಬಹುದು. ಏನನ್ನು ಅಳಿಸಿದೆ, ಅದರ ಸ್ಥಾನದಲ್ಲಿ ಏನನ್ನು ಕಲ್ಪಿಸಿದೆ ಎಂಬುದನ್ನು ಯಂತ್ರ ತಾನಾಗಿ ವಿವರಿಸದಿರುವಾಗ, ಬಲ್ಲವನ ಕಣ್ಣಿಗೆ ಬೆಲೆ ಹೆಚ್ಚೇ ಹೊರತು ಕಡಿಮೆಯಲ್ಲ. ಆದ್ದರಿಂದ ಮಾರ್ಗನ್ ಹಿಲ್ ಇರಲಿ ಮಂಡ್ಯ ಇರಲಿ, ಉಪಾಧ್ಯಾಯರು ಅಂದವಾದ ಪ್ರಿಂಟಿಗೆ ಮಾತ್ರ ಅಂಕ ಕೊಡದೆ, ಲೇಯರುಗಳುಳ್ಳ ಮೂಲ ಫೈಲನ್ನೂ, ಏನನ್ನು ಏತಕ್ಕೆ ಬದಲಿಸಿದೆನೆಂಬ ವಿದ್ಯಾರ್ಥಿಯ ನಾಲ್ಕು ಸಾಲಿನ ಟಿಪ್ಪಣಿಯನ್ನೂ ಕೇಳಿ ಪಡೆಯಲಿ.