ನಡೆಯದ ಡೈವೋರ್ಸು, ಬಿಡದ ಮದುವೆ

‘ಅಲ್ಲಿನ ಕೋರ್ಟು ಕೊಟ್ಟ ಡೈವೋರ್ಸು ಇಲ್ಲಿ ನಡೆಯಲ್ಲಮ್ಮ, ನೀನು ತಲೆ ಕೆಡಿಸ್ಕೋಬೇಡ.’

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಹುಡುಗಿಯ ಸೋದರಮಾವ, ಇಲ್ಲವೇ ಕಾನೂನು ಬಲ್ಲ ನೆಂಟರೊಬ್ಬರು. ಕೇಳಿಸಿಕೊಳ್ಳುವವಳು ಅಮೆರಿಕದಿಂದ ಎರಡು ಸೂಟ್‌ಕೇಸು ಹಿಡಿದು ತವರಿಗೆ ಬಂದವಳು. ಮಾತು ಬಹುಪಾಲು ನಿಜವೇ. ಆದರೆ ಅದನ್ನು ಸಮಾಧಾನವೆಂದು ಹೇಳುತ್ತಾರಲ್ಲ, ನನ್ನ ತಕರಾರು ಅದರ ಮೇಲೆ. ‘ನಿನ್ನನ್ನು ಬಿಟ್ಟವನು ಇನ್ನೂ ನಿನ್ನ ಗಂಡನೇ’ ಎಂದು ಹೇಳಿದರೆ ಯಾವ ಹೆಣ್ಣಿಗೆ ಏನು ಸಿಕ್ಕಂತಾಯಿತು?

ಈ ಮಾತಿನ ಬೇರು ಇರುವುದು 1991ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ, ವೈ. ನರಸಿಂಹ ರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಪ್ರಕರಣದಲ್ಲಿ. 1975ರಲ್ಲಿ ತಿರುಪತಿಯಲ್ಲಿ ಮದುವೆ. 1978ರಲ್ಲಿ ಇಬ್ಬರೂ ಬೇರೆಯಾದರು. ಗಂಡ ಅಮೆರಿಕದ ಮಿಸೌರಿ ರಾಜ್ಯದಲ್ಲಿ 90 ದಿನ ವಾಸವಿದ್ದೇನೆಂದು ತೋರಿಸಿ, ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣದ ಮೇಲೆ 1980ರಲ್ಲಿ ಡಿಕ್ರಿ ಪಡೆದು ಮರುವರ್ಷ ಮತ್ತೆ ಮದುವೆಯಾದರು. ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟರು. ಮದುವೆ ಯಾವ ಕಾನೂನಿನಡಿ ನಡೆಯಿತೋ ಆ ಕಾನೂನು ಒಪ್ಪುವ ಕಾರಣಕ್ಕೆ, ಅದು ಒಪ್ಪುವ ನ್ಯಾಯಾಲಯವೇ ವಿಚ್ಛೇದನ ಕೊಡಬೇಕು ಎಂದಿತು ಸುಪ್ರೀಂ ಕೋರ್ಟು. ಕೆಲವು ವಿನಾಯಿತಿಗಳೂ ಇವೆ: ಪ್ರತಿವಾದಿ ಆ ದೇಶದಲ್ಲೇ ಕಾಯಂ ನೆಲೆಸಿದ್ದರೆ, ಮನಸಾರೆ ಆ ನ್ಯಾಯಾಲಯಕ್ಕೆ ಒಳಪಟ್ಟು ವಾದಿಸಿದ್ದರೆ, ಇಲ್ಲವೇ ವಿಚ್ಛೇದನಕ್ಕೆ ಒಪ್ಪಿದ್ದರೆ. ಮೊದಲೆರಡರಲ್ಲಿ ಕಾರಣವೂ ನಮ್ಮ ಕಾನೂನಿಗೆ ಹೊಂದಬೇಕು. ‘ದಾಂಪತ್ಯ ಮುರಿದಿದೆ’ ಎನ್ನುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ಇವತ್ತಿಗೂ ಕಾರಣವಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯಡಿ ಆ ಕಾರಣಕ್ಕೆ ತಾನು ಬಿಡುಗಡೆ ಕೊಡಬಹುದೆಂದು ಹೇಳಿತೇ ಹೊರತು ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ.

ಆ ಕಾಲಕ್ಕೆ ಅದು ಒಳ್ಳೆಯ ತೀರ್ಪು. ಹೆಂಡತಿಗೆ ಗೊತ್ತೇ ಆಗದಂತೆ ಎಲ್ಲೋ ಮೂರು ತಿಂಗಳು ಬಾಡಿಗೆ ಮನೆ ಮಾಡಿ ಡಿಕ್ರಿ ತರುವ ಗಂಡಂದಿರಿಗೆ ಬೀಗ ಬಿತ್ತು. ಆದರೆ ಅದರಿಂದ ಉಳಿದದ್ದು ಮದುವೆ. ಹೆಣ್ಣು ಉಳಿದಳೇ ಎಂದು ಯಾರೂ ಕೇಳಲಿಲ್ಲ.

ಕ್ಯಾಲಿಫೋರ್ನಿಯಾದ ಕೋರ್ಟಿನಿಂದ ಬಸವೇಶ್ವರನಗರದ ಮನೆಗೆ ಒಂದು ಲಕೋಟೆ ಬಂತೆನ್ನಿ. ಸುಮ್ಮನಿದ್ದರೆ ಅವಳ ಗೈರುಹಾಜರಿಯಲ್ಲೇ ಅಲ್ಲಿ ತೀರ್ಪಾಗುತ್ತದೆ. ಮನೆ, ಬ್ಯಾಂಕು ಖಾತೆ, ಕೆಲವೊಮ್ಮೆ ಮಗು ಯಾರ ಬಳಿ ಇರಬೇಕು ಎನ್ನುವುದೂ ಅವಳ ಮಾತು ಕೇಳದೆ ನಿರ್ಧಾರವಾಗುತ್ತದೆ. ಉತ್ತರ ಕೊಡೋಣವೆಂದರೆ ವಕೀಲರ ಫೀಸು ಡಾಲರಿನಲ್ಲಿ. ಅದನ್ನೂ ಹೊಂದಿಸಿ ತನಗೆ ಬರಬೇಕಾದ್ದನ್ನು ಕೇಳಿ ವಾದಿಸಿದಳೋ, ‘ನೀನೇ ಆ ಕೋರ್ಟಿಗೆ ಒಳಪಟ್ಟೆಯಲ್ಲ’ ಎಂದು ನಾಳೆ ಇಲ್ಲಿ ಅವಳ ವಿರುದ್ಧವೇ ವಾದ ಏಳುತ್ತದೆ. ‘ನಿಮಗೆ ಈ ಕೇಸು ಕೇಳುವ ಅಧಿಕಾರವಿಲ್ಲ’ ಎಂದಷ್ಟೇ ಹೇಳಿ ಹಿಂದೆ ಸರಿದರೆ ಇಲ್ಲಿನ ಹಕ್ಕು ಉಳಿಯುತ್ತದೆ, ಅಲ್ಲಿ ಏನೂ ದಕ್ಕುವುದಿಲ್ಲ. ಬಾಯಿ ತೆರೆದರೂ ನಷ್ಟ, ಮುಚ್ಚಿದರೂ ನಷ್ಟ.

ಕೊನೆಗೆ ಆಗುವುದಿಷ್ಟೇ. ಅವನು ಅಲ್ಲಿ ಒಂಟಿ, ಇವಳು ಇಲ್ಲಿ ಮುತ್ತೈದೆ. ಅವನು ಅಲ್ಲೇ ಇನ್ನೊಂದು ಮದುವೆಯಾಗಿ ಊರಿನ ಕಡೆ ತಲೆ ಹಾಕದಿದ್ದರೆ ದ್ವಿಪತ್ನಿತ್ವದ ಕಾನೂನು ಅವನನ್ನು ಮುಟ್ಟುವುದು ಹೇಗೆ? ಇವಳು ಮರುಮದುವೆಯ ಮಾತೆತ್ತಬೇಕಾದರೆ ಮೊದಲು ನ್ಯಾಯದೇಗುಲದ ಮೆಟ್ಟಿಲು ಹತ್ತಿ, ಬಿಟ್ಟುಹೋದವನ ಮೇಲೆ ತಾನೇ ವಿಚ್ಛೇದನದ ಅರ್ಜಿ ಹಾಕಬೇಕು. ತಾನಿರುವ ಊರಿನಲ್ಲೇ ಅರ್ಜಿ ಹಾಕುವ ಹಕ್ಕನ್ನು 2003ರ ತಿದ್ದುಪಡಿ ಕೊಟ್ಟಿದೆ, ಅದೊಂದು ಪುಣ್ಯ. ಆಮೇಲೆ ಸಮನ್ಸು ಸಮುದ್ರ ದಾಟಬೇಕು. ಜೀವನಾಂಶದ ಆದೇಶ ಸಿಕ್ಕಿತೆನ್ನಿ, ಅದನ್ನು ಅಮೆರಿಕದಲ್ಲಿ ವಸೂಲಿ ಮಾಡುವುದು ಹೇಗೆ? ಪರಸ್ಪರರ ಡಿಕ್ರಿಗಳನ್ನು ನೇರವಾಗಿ ಜಾರಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂ ಅಡಿ ಭಾರತ ಮಾಡಿಕೊಂಡಿರುವ ದೇಶಗಳ ಪಟ್ಟಿಯಲ್ಲಿ ಬ್ರಿಟನ್ ಇದೆ, 2020ರಿಂದ ಯುಎಇ ಇದೆ. ನಮ್ಮ ಬೀದಿಗಳ ಮಕ್ಕಳು ಅತಿಯಾಗಿ ಹೋಗುವ ಅಮೆರಿಕ ಇಲ್ಲ.

‘ಅಲ್ಲೇ ಇದ್ದುಕೊಂಡು ಹೋರಾಡಬಹುದಿತ್ತಲ್ಲ’ ಅನ್ನುವವರು ವೀಸಾ ಓದಿಲ್ಲ. ಎಚ್-4 ವೀಸಾದಲ್ಲಿ ಹೋದ ಹೆಂಡತಿಯ ವಾಸದ ಹಕ್ಕು ಗಂಡನ ಎಚ್-1ಬಿಗೆ ಗಂಟುಬಿದ್ದದ್ದು. ಅವಳಲ್ಲಿ ಕೆಲವರಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿದ್ದೇ 2015ರಲ್ಲಿ, ಅದೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ. ವಿಚ್ಛೇದನ ಅಂತಿಮವಾದರೆ ಆ ವೀಸಾದ ಆಧಾರವೇ ಕಳಚುತ್ತದೆ. ಎಂಜಿನಿಯರಿಂಗ್ ಓದಿ, ಇಲ್ಲಿ ಒಳ್ಳೆಯ ಕೆಲಸ ಬಿಟ್ಟು ಹೋದವಳು ಅಲ್ಲಿ ಕೋರ್ಟಿನ ಮುಂದೆ ನಿಲ್ಲಲು ಬೇಕಾದ ನೆಲವನ್ನೇ ಕೋರ್ಟಿನ ತೀರ್ಪು ಕಿತ್ತುಕೊಳ್ಳುತ್ತದೆ.

ಅಮೆರಿಕವನ್ನು ಬೈಯುವ ಮೊದಲು ನಮ್ಮ ಕಾನೂನನ್ನೂ ನೋಡಿಕೊಳ್ಳೋಣ. ಭಾರತೀಯನನ್ನು ಮದುವೆಯಾಗಿ ಇಲ್ಲಿಗೆ ಬಂದ ವಿದೇಶಿ ಹೆಣ್ಣಿಗೆ ನಾವು ಒಸಿಐ ಕಾರ್ಡು ಕೊಡುತ್ತೇವೆ. ಮದುವೆ ಮುರಿದರೆ ಆ ಕಾರ್ಡನ್ನು ರದ್ದು ಮಾಡಬಹುದು ಎನ್ನುತ್ತದೆ ಪೌರತ್ವ ಕಾಯ್ದೆಯ 7ಡಿ ಕಲಂ. ವಿಜಯನಗರದಲ್ಲಿ ಹದಿನೈದು ವರ್ಷ ಸಂಸಾರ ಮಾಡಿ, ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವಷ್ಟು ನಮ್ಮವಳಾದರೂ, ಡಿಕ್ರಿ ಬಂದ ಮೇಲೆ ಅವಳು ಮತ್ತೆ ಪರದೇಶಿ. ಗಂಡನ ಬಾಲ ಹಿಡಿದೇ ಹೆಣ್ಣು ಗಡಿ ದಾಟಬೇಕು ಎನ್ನುವುದರಲ್ಲಿ ಎರಡು ದೇಶಗಳಿಗೂ ಭಿನ್ನಾಭಿಪ್ರಾಯವಿಲ್ಲ.

ಸರ್ಕಾರಕ್ಕೆ ಇದೆಲ್ಲ ಹೊಸ ಸುದ್ದಿಯಲ್ಲ. ವಿದೇಶಿ ವಿಚ್ಛೇದನಗಳ ಮಾನ್ಯತೆಗೊಂದು ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 65ನೇ ವರದಿಯಲ್ಲಿ ಹೇಳಿದ್ದು 1976ರಲ್ಲಿ. ನೀರಜಾ ಸರಾಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡನ ಆಸ್ತಿ ಇಲ್ಲಿರಲಿ ಹೊರಗಿರಲಿ, ಅದರಲ್ಲಿ ಹೆಂಡತಿಗೆ ತಕ್ಕ ಜೀವನಾಂಶ ಸಿಗುವಂತೆ ಶಾಸನ ಮಾಡಿ ಎಂದು ಸೂಚಿಸಿದ್ದು 1994ರಲ್ಲಿ. 2009ರಲ್ಲಿ ಮತ್ತೊಂದು ವರದಿ, 2024ರಲ್ಲಿ ಇನ್ನೊಂದು. ನಡುವೆ 2019ರಲ್ಲಿ ರಾಜ್ಯಸಭೆಗೆ ಬಂದ ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ ಹೇಳಿದ್ದು 30 ದಿನದಲ್ಲಿ ನೋಂದಣಿ, ಪಾಸ್‌ಪೋರ್ಟ್ ಜಪ್ತಿ, ವೆಬ್‌ಸೈಟಿನಲ್ಲಿ ಸಮನ್ಸು. ಗಂಡನನ್ನು ಹಿಡಿಯುವ ಉತ್ಸಾಹ ಅದರಲ್ಲಿತ್ತು. ಹೆಂಡತಿಯನ್ನು ಬಿಡಿಸುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ವಿದೇಶಿ ಡಿಕ್ರಿಗೆ ಸುಲಭವಾಗಿ ಮಾನ್ಯತೆ ಕೊಟ್ಟರೆ ಓಡಿಹೋದವರಿಗೆ ಅನುಕೂಲ ಎಂಬ ಆಕ್ಷೇಪವಿದೆ. ಹೆಣ್ಣುಮಕ್ಕಳ ಪರ ದುಡಿಯುವವರೇ ಇದನ್ನು ಹೇಳುತ್ತಾರೆ, ಹಾಗಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಮದುವೆ ಮುರಿಯಿತೆಂದು ಒಪ್ಪುವುದು ಬೇರೆ, ಲೆಕ್ಕ ಚುಕ್ತಾ ಆಯಿತೆಂದು ಒಪ್ಪುವುದು ಬೇರೆ. ಇಂಗ್ಲೆಂಡು 1984ರಲ್ಲೇ ಇವೆರಡನ್ನು ಬಿಡಿಸಿಟ್ಟಿತು. ಹೊರದೇಶದಲ್ಲಿ ಸಿಕ್ಕ ವಿಚ್ಛೇದನವನ್ನು ಮಾನ್ಯ ಮಾಡಿ, ಅದಾದ ಮೇಲೂ ಇಂಗ್ಲೆಂಡಿನೊಂದಿಗೆ ತಕ್ಕ ಸಂಬಂಧವಿದ್ದವರು ಅಲ್ಲಿನ ಕೋರ್ಟಿನಲ್ಲಿ ಹಣ ಮತ್ತು ಆಸ್ತಿಯ ಪರಿಹಾರ ಕೇಳಬಹುದು ಎಂದು ಕಾಯ್ದೆ ಮಾಡಿತು.

ನಮಗೂ ಬೇಕಾದದ್ದು ಅಷ್ಟೇ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಕಾಯಂ ಜೀವನಾಂಶ ಕೊಡಿಸುತ್ತದೆ, ಅದಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಹೊರೆ ಹಾಕುವ ಅಧಿಕಾರವನ್ನೂ ಕೋರ್ಟಿಗೆ ಕೊಟ್ಟಿದೆ. ಆದರೆ ಅದು ಅದೇ ಕಾಯ್ದೆಯಡಿ ಇಲ್ಲಿನ ಕೋರ್ಟು ಕೊಡುವ ಡಿಕ್ರಿಗೆ ಅಂಟಿಕೊಂಡ ಪರಿಹಾರ. ಮಾನ್ಯವಾದ ವಿದೇಶಿ ಡಿಕ್ರಿಯ ನಂತರವೂ ಈ ಅರ್ಜಿ ಹಾಕಬಹುದು ಎಂದು ಒಂದು ಉಪಕಲಂ ಸೇರಿಸಲಿ. ಡಾಲರಿನಲ್ಲಿ ದುಡಿದವನು ಕೆಂಗೇರಿಯಲ್ಲಿ ಕೊಂಡ ಸೈಟು, ಮಾಗಡಿ ರಸ್ತೆಯಲ್ಲಿ ಬಾಡಿಗೆಗೆ ಬಿಟ್ಟ ಫ್ಲಾಟು ಎಲ್ಲಿಗೂ ವಿಮಾನ ಹತ್ತಿ ಹೋಗುವುದಿಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟು ಅವಳು ಆ ಫ್ಲಾಟಿನ ಬಾಡಿಗೆಯನ್ನು ಕೇಳಲಿ.